ಮಂಗಳ ಕಂಡದ್ದು

ಬೆಸಗರಹಳ್ಳಿ
೯-೯-೧೯೭೫

ನನ್ನ ಮಂಗಳಾ,

ಮೈ ಹೇಗಿದೆ ಕಂದ? ಮಡಿಲು ಬರಿದಾದರೂ ಬಾಣಂತಿ ಬಾಣಂತಿಯೇ. ತಣ್ಣೀರಿಗೆ ಕೈ ಇಡಬೇಡ, ತಲೆಗೆ ಬಟ್ಟೆ ಕಟ್ಟಿಕೋ.

ನಿನಗೆ ತಿಳಿಯದ ಒಂದು ಸಂಗತಿ ಹೇಳಬೇಕು. ಹೋದ ಸೋಮವಾರ ನಿಮ್ಮಪ್ಪ ನಿನ್ನ ಮನೆ ಬಾಗಿಲಿಗೆ ಬಂದಿದ್ದರು. ನೀನು ಮಲಗಿದ್ದೆಯಂತೆ. ಅಳಿಯ ನಾಗಯ್ಯ ಹೇಳಿರಲಾರ, ಹೇಳಬೇಡವೆಂದು ಇವರೇ ಅಂದು ಬಂದಿದ್ದಾರೆ.

ನೀನು ಮಂಡ್ಯದ ಗುಮಾಸ್ತ ವರನನ್ನು ಒಲ್ಲೆನೆಂದು ಮಳವಳ್ಳಿಯ ದರ್ಜಿಯನ್ನು ಮದುವೆಯಾದ ಮೇಲೆ ಈ ಮನೆಯಲ್ಲಿ ಉಣ್ಣುವಾಗಲೂ ಅದೇ ವಾದ. "ಸಿಡುಬಿನ ಮೊಕ. ಹತ್ತು ಮಾತು ಕೇಳುದ್ರೆ ಒಂದು ಮಾತಾಡ್ತಾನೆ. ಅವನಲ್ಲಿ ಏನ್ ಕಂಡ್ಳು, ಯೋಳು?" ಎಂದು ನನ್ನನ್ನು ಹಿಡಿದುಕೊಳ್ಳುವರು. ನಾನು ಅವನ ಗುಣ ಒಂದು ಹೇಳಿದರೆ ಇವರು ಕೊರತೆ ನಾಲ್ಕು ತೆಗೆಯುವರು. ಮಗು ಉಳಿಯಲಿಲ್ಲವೆಂಬ ಸುದ್ದಿ ಬಂದ ದಿನ ಮಾತ್ರ ವಾದವಿರಲಿಲ್ಲ. ನಾನು ನಿನ್ನಲ್ಲಿಗೆ ಹೊರಟಾಗ ಬಸ್ಸಿನವರೆಗೂ ಬಂದರು. ಹತ್ತಲಿಲ್ಲ.

ಸೋಮವಾರ ಹೋದದ್ದು ನಿನ್ನನ್ನು ಕರೆತರಲು, ಮತ್ತೆ ಕಳಿಸದಿರಲು. ಅಂಗಡಿಯಲ್ಲಿ ನಾಗಯ್ಯ ಮಿಶನ್ನಿನ ಪಕ್ಕ ನೆಲದ ಮೇಲೆ ಕೂತು ಕೈಯಲ್ಲೇ ರವಿಕೆ ಹೊಲಿಯುತ್ತಿದ್ದನಂತೆ. ಮಿಶನ್ ಕೆಟ್ಟಿದೆಯೇ ಎಂದು ಕೇಳಿದ್ದಾರೆ. "ಇಲ್ಲ ಮಾವ. ಗೋಡೆ ಆಚೆ ಮಂಗಳ ಮನಗವ್ಳೆ. ಸದ್ದಿಗೆ ಬೆಚ್ಚಿ ಬೀಳ್ತಾಳೆ," ಎಂದನಂತೆ.

ಇವರು ಹೊರಟ ಕೋಪದಲ್ಲೇ ಕೇಳಿಬಿಟ್ಟರು: "ನನ್ ಮಗಳು ನಿನ್ನಲ್ಲಿ ಏನ್ ಕಂಡ್ಳಲಾ?"

ಅವನು ಸೂಜಿ ಕೆಳಗಿಟ್ಟು ಅಂದನಂತೆ: "ನಂಗೂ ಗೊತ್ತಿಲ್ಲ ಮಾವ. ಕೇಳುದ್ರೆ ಅವಳೂ ಯೋಚ್ನೆ ಮಾಡ್ಬುಟ್ಟಾಳು ಅಂತ ಕೇಳಿಲ್ಲ."

ಅಪ್ಪ ಬಾಗಿಲ ಸಂದಿಯಿಂದ ನಿನ್ನನ್ನು ನೋಡಿ, ಎಬ್ಬಿಸದೆ ಬಂದುಬಿಟ್ಟರು. ಇಲ್ಲಿ ಚಪ್ಪಲಿ ಕೂಡ ಬಿಡದೆ ಜಗುಲಿಯ ಮೇಲೆ ಕೂತು ಇದನ್ನೆಲ್ಲ ಹೇಳಿದರು. "ಆ ಗುಮಾಸ್ತ ಆಗಿದ್ರೆ ನೂರು ಕಾರಣ ಯೋಳ್ತಿದ್ದ ಕಣಮ್ಮಿ," ಅಂದರು. ಆಮೇಲೆ ಊಟಕ್ಕೂ ಏಳಲಿಲ್ಲ.

ನನ್ನನ್ನೂ ನಮ್ಮಕ್ಕ ಬೆಟ್ಟಮ್ಮ ಹೀಗೇ ಕೇಳಿದ್ದಳು, ಈ ಮುಂಗೋಪಿಯಲ್ಲಿ ಏನು ಕಂಡೆ ಎಂದು. ಇಷ್ಟು ಕಾಲ ಬಾಳಿದರೂ ಉತ್ತರ ಸಿಕ್ಕಿಲ್ಲ. ಕೆಲವು ವರ್ಷ ಹುಡುಕುವುದಕ್ಕೂ ಹೆದರಿಕೆಯಿತ್ತು. ಅದು ಬೇಡ ಬಿಡು.

ಇನ್ನು ಮೇಲೆ ನಾಗಯ್ಯನನ್ನು ಹೊಗಳಿ ಅಪ್ಪನಿಗೆ ಕಾಗದ ಬರೆಯಬೇಡ. ಅವರಿಗೆ ಆ ಮುಖ ಹಿಡಿಸಿಲ್ಲ, ಬಹುಶಃ ಹಿಡಿಸುವುದೂ ಇಲ್ಲ. ನಿನಗೆ ಹಿಡಿಸಿದೆ. ಇದರಲ್ಲಿ ಗೆಲ್ಲುವವರು ಯಾರೂ ಇಲ್ಲ ಮಗಳೇ. ನಾವು ಸುಮ್ಮನೆ ಒಂದು ವರ್ಷ ಕಳೆದುಕೊಂಡೆವು. ಮೈ ಗಟ್ಟಿಯಾದ ಮೇಲೆ ದೀಪಾವಳಿಗೆ ಇಬ್ಬರೂ ಬನ್ನಿ.

ನಿನ್ನ ದಾರಿ ನೋಡುವ ಅವ್ವ,
ದೇವಿರಮ್ಮ

ಬರೆಯಲು ಮರೆತೆ: ಅಪ್ಪ ಅಲ್ಲಿ ಒಂದು ಅಂಗಿಗೆ ಅಳತೆ ಕೊಟ್ಟು ಬಂದಿದ್ದಾರಂತೆ. ಇಲ್ಲೇ ಪಕ್ಕದ ಮದ್ದೂರಿನಲ್ಲಿ ದರ್ಜಿಗಳಿಲ್ಲವೇ ಎಂದು ನಾನು ಕೇಳಲಿಲ್ಲ.