ಅರ್ಜಿಯಲ್ಲಿ ಬರೆದ ನಾಲ್ಕನೇ ಹೆಸರು

ತಬಾಯ್ ಗ್ರಾಮ, ಇಲೊಯಿಲೊ
ನವೆಂಬರ್ 6, 2023, ಸೋಮವಾರ

ಪ್ರೀತಿಯ ಎಲಿಸಿಯೋ,

ದೇವರ ಕೃಪೆಯಿಂದ ನಾನೂ ಜೆನೆವಿಯೂ ಆರೋಗ್ಯವಾಗಿದ್ದೇವೆ. ನೀವು ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೆ? ಫೋನಿನಲ್ಲಿ ಕೇಳಿದರೆ “ಇದೆ, ಇದ್ದೇ ಇರುತ್ತೆ” ಎನ್ನುತ್ತೀರಿ. ಅದು ಉತ್ತರವಲ್ಲ. ದಿನಕ್ಕೆ ಎರಡು ಸಲ ಐನೂರು ಹಸುಗಳ ಕೆಚ್ಚಲಿಗೆ ಕೈ ಹಾಕುವ ಮನುಷ್ಯನ ಸೊಂಟ ಏನಾಗಬೇಡ! ಅಲ್ಲಿಗೆ ಹೊರಟಿರುವ ಮಿರ್ನಾ ಕೈಯಲ್ಲಿ ನೋವಿನ ಎಣ್ಣೆಯ ನಾಲ್ಕು ಸೀಸೆ ಕಳಿಸುತ್ತಿದ್ದೇನೆ. ಕೆಲಸದಿಂದ ಬಂದ ಕೂಡಲೇ ಬಿಸಿ ಮೈಮೇಲೆ ತಣ್ಣೀರು ಸುರಿದುಕೊಳ್ಳಬೇಡಿ, ಮೈ ಆರಿದ ಮೇಲೆ ಸ್ನಾನ ಮಾಡಿ, ಆಮೇಲೆ ಎಣ್ಣೆ ಹಚ್ಚಿ. ಒಣಮೀನನ್ನೂ ಕಟ್ಟಿಟ್ಟಿದ್ದೆ. ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡು ದಂಡ ಹಾಕುತ್ತಾರೆಂದು ಮಿರ್ನಾ ಹೆದರಿದಳು. ಅವಳ ಗಂಡ ನಿಮ್ಮ ಪಕ್ಕದ ಫಾರ್ಮಿನಲ್ಲೇ ಇರುವುದರಿಂದ ಈ ಪತ್ರ ಭಾನುವಾರದೊಳಗೆ ನಿಮಗೆ ಸಿಗುತ್ತದೆ. ಭಾನುವಾರ ಪೂಜೆಗೆ ಹೋಗುತ್ತೀರಿ ತಾನೆ? ಚರ್ಚು ದೂರ ಎಂದು ನೆವ ಹೇಳಬೇಡಿ. ಅಷ್ಟು ದೂರದ ನ್ಯೂಜಿಲೆಂಡಿಗೆ ಹೋದವರಿಗೆ ಇದು ದೂರವೆ?

ಫೋನಿರುವಾಗ ಪತ್ರ ಯಾಕೆ ಎಂದು ನೀವು ನಗಬಹುದು. ಫೋನಿನಲ್ಲಿ ನಿಮ್ಮ ಮುಖ ಕಂಡ ಕೂಡಲೇ ಊಟ ಆಯಿತಾ, ಚಳಿ ಇದೆಯಾ ಎಂದು ಕೇಳುತ್ತ ಕೇಳುತ್ತ ಹೇಳಬೇಕಾದ ಮಾತು ಹಿಂದೆ ಉಳಿಯುತ್ತದೆ. ಅದು ಬಾಯಿಗೆ ಬರುವ ಹೊತ್ತಿಗೆ ನೀವು “ಹಸು ಕಾಯ್ತಿವೆ ಕಣೇ, ಆಮೇಲೆ ಮಾತಾಡೋಣ” ಎನ್ನುತ್ತೀರಿ. ಪತ್ರವನ್ನಾದರೆ ಯಾರೂ ನಡುವೆ ಕತ್ತರಿಸುವುದಿಲ್ಲ.

ಮೊದಲು ನಾವು ಅಲ್ಲಿಗೆ ಬರುವಾಗ ತರುವ ಸಾಮಾನಿನ ವಿಷಯ ಬರೆಯುತ್ತೇನೆ, ಅದನ್ನೇ ನೀವು ಕೇಳುತ್ತಿದ್ದಿರಿ. ಹದಿನಾಲ್ಕು ರಟ್ಟಿನ ಪೆಟ್ಟಿಗೆ ಆಗಿವೆ. ಸಾಗಣೆಯ ಕಚೇರಿಯವರು ಎರಡು ಹಾಳೆ ತುಂಬ ಪಟ್ಟಿ ಕೊಟ್ಟಿದ್ದಾರೆ: ತೆಂಗಿನ ಕಡ್ಡಿಯ ಪೊರಕೆ ಬೇಡ, ಬಿದಿರು ಬೇಡ, ಬೀಜ ಬೇಡ, ಹುಳ ಹಿಡಿದ ಮರ ಬೇಡ, ಚಪ್ಪಲಿಯ ಅಡಿಯಲ್ಲಿ ಮಣ್ಣು ಇರಬಾರದು. ಮೂರು ದಿನ ಬಾವಿಕಟ್ಟೆಯಲ್ಲಿ ಕೂತು ಹಲ್ಲುಜ್ಜುವ ಬ್ರಷ್ಷಿನಿಂದ ಚಪ್ಪಲಿ ತಿಕ್ಕಿದೆ. ಆ ದೇಶಕ್ಕೆ ನಮ್ಮ ಮಣ್ಣು ಒಂದು ಚಿಟಿಕೆಯೂ ಬೇಡವಂತೆ, ಆದರೆ ನಮ್ಮ ಮೈಮುರಿ ದುಡಿಮೆ ಬೇಕಂತೆ. ಇರಲಿ, ಅವರ ಹುಲ್ಲುಗಾವಲಿಗೆ ರೋಗ ಬರಬಾರದಲ್ಲ, ಅವರ ಭಯ ಅವರಿಗೆ. ನನ್ನ ಹೊಲಿಗೆ ಯಂತ್ರ ನಿಮ್ಮ ಅಕ್ಕ ಡೆಲ್ಫಾ ಅತ್ತಿಗೆಗೆ, ಹಂದಿ ಎರಡೂ ಮೇಗಿನ ಮನೆಯವರಿಗೆ. ಮನೆಯ ಬೀಗದಕೈಯೂ ಅತ್ತಿಗೆಯ ಹತ್ತಿರವೇ ಇರುತ್ತದೆ. ಬಾಲಯೇಸುವಿನ ಮೂರ್ತಿ ಮರದ್ದು, ಅದಕ್ಕೆ ಔಷಧಿ ಹೊಗೆ ಹಾಕಿಸಿ ಕಾಗದ ತರಬೇಕಂತೆ. ದೇವರಿಗೂ ವೈದ್ಯಕೀಯ ಪರೀಕ್ಷೆ ಬಂತಲ್ಲ ಎಂದು ಜೆನೆವಿ ನಕ್ಕಳು. ಅವಳು ನಗುವುದು ಈಚೆಗೆ ಅಪರೂಪ, ಬೈಯಲಿಲ್ಲ.

ಇನ್ನು ಆ ವೀಸಾ ಅರ್ಜಿಯ ವಿಷಯ. ನನ್ನ ತಪ್ಪಿನಿಂದ ಎರಡು ತಿಂಗಳು ತಡವಾಯಿತು, ಒಪ್ಪುತ್ತೇನೆ. ಆದರೆ ಅದು ಹೇಗಾಯಿತೆಂದು ನೀವು ಪೂರ್ತಿ ಕೇಳಲೇ ಇಲ್ಲ. ವೀಸಾ ಕಚೇರಿಯ ಹುಡುಗಿ “ಕುಟುಂಬದವರ ಹೆಸ್ರೆಲ್ಲ ಬರೀರಿ ಆಂಟಿ, ಯಾರನ್ನೂ ಬಿಡ್ಬೇಡಿ, ಬಿಟ್ರೆ ಸುಳ್ಳು ಹೇಳ್ದಂಗಾಗುತ್ತೆ” ಎಂದಳು. ಬರೆದೆ. ಒಂದು, ಎಲಿಸಿಯೋ. ಎರಡು, ಪುರಿಫಿಕಾಸ್ಯೋನ್. ಮೂರು, ಜೆನೆವಿ, ಹದಿನೆಂಟು. ನಾಲ್ಕು, ರೆನ್ನೆಲ್, ಹದಿನಾರು. ಕೈ ತಾನಾಗಿ ಬರೆಯಿತು. ನಮ್ಮೂರಿನ ಯಾವ ತಾಯಿಯನ್ನಾದರೂ ಕೇಳಿ, ಸತ್ತವರನ್ನು ಬಿಟ್ಟು ಎಣಿಸುವುದಿಲ್ಲ. ನಿಮ್ಮ ಅಮ್ಮ ಕೊನೆಯವರೆಗೂ “ನನಗೆ ಹನ್ನೊಂದು ಮಕ್ಕಳು” ಎನ್ನುತ್ತಿದ್ದರು, ಉಣ್ಣಲು ಕೂರುತ್ತಿದ್ದವರು ಏಳೇ ಜನ. ಪ್ರತಿ ಮಾರ್ಚಿನಲ್ಲಿ ಹುಟ್ಟಿದ ದಿನಕ್ಕೆ ಅವನ ಹೆಸರಿಗೆ ಪೂಜೆ ಓದಿಸುವಾಗ ನಾನು ಒಂದು ವರ್ಷ ಕೂಡಿಸಿಕೊಂಡೇ ಬಂದಿದ್ದೇನೆ. ಅವನ ವಯಸ್ಸನ್ನು ಹನ್ನೊಂದಕ್ಕೆ ನಿಲ್ಲಿಸಬೇಕೆಂದು ನನಗೆ ಯಾರೂ ಹೇಳಲಿಲ್ಲ.

ಮೂರು ವಾರದ ಮೇಲೆ ಆ ಹುಡುಗಿ ಕರೆಸಿ, “ಆಂಟಿ, ಈ ರೆನ್ನೆಲ್ ಪಾಸ್‌ಪೋರ್ಟ್ ಎಲ್ಲಿ? ಎದೆ ಎಕ್ಸ್‌ರೇ ಎಲ್ಲಿ? ನೀವಿಬ್ರೇ ಮಾಡಿಸಿದ್ದೀರಲ್ಲ?” ಎಂದು ಕೇಳಿದಳು. “ಅವನು ಬರಲ್ಲಮ್ಮ” ಎಂದೆ. “ಬರಲ್ಲ ಅಂದ್ರೆ ಯಾರ ಹತ್ರ ಇರ್ತಾನೆ? ಹದಿನಾರು ಅಂದ್ರೆ ಇನ್ನೂ ಚಿಕ್ಕವನು, ಯಾರು ನೋಡ್ಕೋತಾರೆ ಅಂತ ಬರೆದುಕೊಡ್ಬೇಕು” ಎಂದಳು. ನಾನು ಏನು ಬರೆದುಕೊಡಲಿ? “ಸ್ಮಶಾನದಲ್ಲಿ ಮೂರನೇ ಸಾಲಿನ ಗೂಡಲ್ಲಿದ್ದಾನಮ್ಮ” ಎಂದೆ. ಪಾಪ, ಆ ಮಗು ಪೆನ್ನು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಿತು. ಹಿಂದೆ ಸಾಲಿನಲ್ಲಿ ನಿಂತವನೊಬ್ಬ “ಬೇಗ ಆಗ್ಲಿ ತಾಯಿ, ನಮ್ಗೂ ದೇಶ ಬಿಡೋದಿದೆ” ಎಂದ, ಅವನಿಗೇನು ಗೊತ್ತು. ಅವತ್ತೇ ಪುರಸಭೆಗೆ ಹೋಗಿ ಮರಣಪತ್ರದ ಪ್ರತಿ ತಂದುಕೊಟ್ಟೆ. ಆ ಕಾಗದವನ್ನು ನಾನು ಓದಿದ್ದು ಅದೇ ಮೊದಲು. ಡೆಂಗಿ ಜ್ವರ ಎಂದು ಬರೆದಿತ್ತು. ಹುಡುಗಿ ನಾಲ್ಕನೇ ಸಾಲಿನ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದು, ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡಳು.

ನಾನು ಇದನ್ನು ಫೋನಿನಲ್ಲಿ ಹೇಳಿದಾಗ ನೀವು ಕಿರುಚಿದಿರಿ. “ಏನೇ ಪುರಿಂಗ್, ತಲೆ ಕೆಟ್ಟಿದೆಯೇನೇ ನಿಂಗೆ? ಸತ್ತವನನ್ನ ಯಾರಾದ್ರೂ ವೀಸಾಕ್ಕೆ ಬರೀತಾರೇನೇ?” ಎಂದಿರಿ. ಬೈದದ್ದಕ್ಕೆ ನನಗೆ ಬೇಸರವಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ನಿಮ್ಮ ಬೈಗುಳ ನನಗೆ ಸಾರಿನ ಉಪ್ಪಿನಂತೆ ಅಭ್ಯಾಸವಾಗಿದೆ. ಆದರೆ ನೀವು “ಸತ್ತವನು” ಎಂದಿರಿ. ಹೆಸರು ಹೇಳಲಿಲ್ಲ. ಆಮೇಲೆ ಲೆಕ್ಕ ಹಾಕಿ ನೋಡಿದೆ, ಮಣ್ಣಾದ ದಿನದಿಂದ ಇವತ್ತಿನವರೆಗೆ ಒಮ್ಮೆಯೂ ಹೇಳಿಲ್ಲ. “ಆ ವಿಷಯ” ಎನ್ನುತ್ತೀರಿ, “ಅದು” ಎನ್ನುತ್ತೀರಿ. ನಮ್ಮ ಮಗ ಅದು ಅಲ್ಲ ಎಲಿಸಿಯೋ.

ಈಗ ಗೂಡಿನ ವಿಷಯ. ನಿಮಗೆ ಗೊತ್ತಿರುವುದೇ, ಶವಪೆಟ್ಟಿಗೆ ಇಟ್ಟು ಇಟ್ಟಿಗೆ ಮುಚ್ಚುವ ಆ ಗೋಡೆಯ ಗೂಡುಗಳು ಐದು ವರ್ಷದ ಬಾಡಿಗೆಗೆ. ಮೊದಲಾದರೆ ಇನ್ನೊಂದು ಸಲ ಬರೆದುಕೊಡುತ್ತಿದ್ದರು. ಈಗ ಜಾಗ ಸಾಲುತ್ತಿಲ್ಲವೆಂದು ಯಾರಿಗೂ ಮುಂದುವರಿಸುತ್ತಿಲ್ಲ. ಜನವರಿ ಹತ್ತೊಂಬತ್ತಕ್ಕೆ ರೆನ್ನೆಲನ ಐದು ವರ್ಷ ತುಂಬುತ್ತದೆ. ಅಷ್ಟರಲ್ಲಿ ಮನೆಯವರು ಬಂದು ಎಲುಬುಗಳನ್ನು ತೆಗೆದುಕೊಳ್ಳಬೇಕು. ಬರದಿದ್ದರೆ ಚೀಲಕ್ಕೆ ತುಂಬಿ ಬಣ್ಣದಲ್ಲಿ ಹೆಸರು ಬರೆದು ಹಿಂದಿನ ಕೋಣೆಯಲ್ಲಿ ಒಂದರ ಮೇಲೊಂದು ಇಡುತ್ತಾರೆ. ಆ ಕೋಣೆಯನ್ನು ನಾನು ಕಿಟಕಿಯಿಂದ ನೋಡಿದ್ದೇನೆ, ಅದರ ಬಗ್ಗೆ ಬರೆಯುವುದಿಲ್ಲ. ನಿಮ್ಮ ಅಪ್ಪನ ಸ್ವಂತ ಸಮಾಧಿಯಲ್ಲಿ ಜಾಗವಿದೆ. ರೆನ್ನೆಲನನ್ನು ಅಲ್ಲಿಗೆ, ಅಜ್ಜನ ಪಕ್ಕಕ್ಕೆ ತರುವುದೆಂದು ನಾವಿಬ್ಬರೂ ಒಪ್ಪಿದ್ದೇವೆ. ನನಗೂ ಜೆನೆವಿಗೂ ತೆಗೆದ ಟಿಕೆಟ್ ಅದಕ್ಕೂ ಒಂದು ವಾರ ಮೊದಲು, ಹನ್ನೆರಡಕ್ಕೆ. ನೀವು ಹೇಳಿದಿರಿ: “ಅಕ್ಕ ಇದ್ದಾಳಲ್ಲ, ಅವಳು ತೆಗೆಸ್ತಾಳೆ ಬಿಡು. ಎಲುಬಿಗೇನು ಗೊತ್ತಾಗುತ್ತೆ ಯಾರು ತೆಗೆದ್ರು ಅಂತ? ಬದುಕಿರೋ ಮಗಳ ನರ್ಸಿಂಗ್ ಕಾಲೇಜು ನೋಡು.”

ನೀವು ಹೇಳುವುದೂ ಸರಿ. ಬದುಕಿರುವವಳ ದಾರಿ ತಡೆಯುವ ತಾಯಿ ನಾನಲ್ಲ. ಪಾದ್ರಿಗಳನ್ನು ಕೇಳಿದೆ. ಅವರೂ “ಮಗು ದೇವರ ಮಡಿಲಲ್ಲಿದೆ ಪುರಿಂಗ್, ಗೂಡಲ್ಲಲ್ಲ. ನೀನು ಹೋದ್ರೆ ಅವನು ಒಂಟಿ ಆಗಲ್ಲ” ಎಂದರು. ನಂಬುತ್ತೇನೆ. ದಿನಾ ಜಪಮಣಿ ಎಣಿಸುವವಳು ನಂಬದೆ ಇರುತ್ತೇನೆಯೆ? ಆದರೆ ನಿಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ, ಅದನ್ನು ನನಗೆ ಹೇಳಿದವರು ನೀವೇ. ಗೂಡಿನಿಂದ ಎಲುಬು ತೆಗೆದುಕೊಡುವವನು ಕಾವಲುಗಾರ, ಮೊದಲು ಕೈಯೊಡ್ಡಿ ತೆಗೆದುಕೊಳ್ಳುವವನು ಹೆತ್ತ ತಂದೆ, ಒರೆಸಿ ಬಿಳಿ ಬಟ್ಟೆಯಲ್ಲಿ ಸುತ್ತುವವಳು ತಾಯಿ. ನಿಮ್ಮ ತಮ್ಮನದನ್ನು ತೆಗೆದಾಗ ನಿಮ್ಮ ಅಪ್ಪ ಅಂಗಿ ಬಿಚ್ಚಿ ಬರಿಮೈಯಲ್ಲಿ ನಿಂತಿದ್ದರು, ನೀವು ಒಂಬತ್ತು ವರ್ಷದವರು, ಅವರ ಮೊಣಕಾಲು ಹಿಡಿದು ನಿಂತಿದ್ದಿರಿ. ಮದುವೆಯಾದ ಹೊಸತರಲ್ಲಿ ಇದನ್ನು ಹೇಳಿ ನೀವು ಅತ್ತಿದ್ದಿರಿ. ಆಗಲೇ ನಾನು ಅಂದುಕೊಂಡೆ, ಈ ಮನುಷ್ಯನ ಜೊತೆ ಬಾಳಬಹುದು ಎಂದು.

ಮೊನ್ನೆ ಒಂದನೇ ತಾರೀಕು, ಸತ್ತವರ ಹಬ್ಬಕ್ಕೆ, ನಾವು ಬೆಳಿಗ್ಗೆಯೇ ಸ್ಮಶಾನಕ್ಕೆ ಹೋದೆವು. ಊರೆಲ್ಲ ಅಲ್ಲೇ ಇತ್ತು. ಮೇಣದಬತ್ತಿ, ಹೂವು, ಬುತ್ತಿ, ಇಸ್ಪೀಟು, ಹಾಡು ಎಲ್ಲ ಎಂದಿನಂತೆ. ನಾನು ಗೂಡಿನ ಮುಖಕ್ಕೆ ಸುಣ್ಣ ಬಳಿದೆ. ಡೆಲ್ಫಾ ಅತ್ತಿಗೆ ನನ್ನನ್ನು ನಗಿಸಲೆಂದು ನಾಲ್ಕು ಜನ ಕೇಳುವಂತೆ, “ನೋಡ್ರೇ, ಹೊರದೇಶದ ಮೇಡಂ ಸುಣ್ಣ ಹೊಡೀತಿದ್ದಾಳೆ! ಅಲ್ಲಿಗ್ಹೋದ್ರೆ ಹಸುವಿಗೆ ಲಿಪ್‌ಸ್ಟಿಕ್ ಹಚ್ಚೋ ಕೆಲಸ ಕೊಡ್ತಾರಂತೆ ಇವಳಿಗೆ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಜೆನೆವಿ ಮಾತ್ರ ಅಂಟಕ್ಕಿಯ ಕಡುಬಿನ ಎಲೆ ಬಿಚ್ಚುತ್ತ ಕೂತವಳು ಮೆಲ್ಲಗೆ, “ಅಮ್ಮ, ಮುಂದಿನ ವರ್ಷ ಇವನಿಗೆ ಯಾರು ಸುಣ್ಣ ಹೊಡೀತಾರೆ?” ಎಂದಳು. ಅತ್ತಿಗೆ “ನಾನಿಲ್ವೇನೇ ಹುಚ್ಚಿ” ಎಂದು ಅವಳ ತಲೆ ಸವರಿದರು. ಆಮೇಲೆ ನಾವು ಮೂವರೂ ಕಡುಬು ತಿಂದೆವು.

ಒಂದು ಮಾತು ಇಷ್ಟು ದಿನ ನುಂಗಿಕೊಂಡಿದ್ದೆ. ಅವನು ಹೋದಾಗ ದೇಹಕ್ಕೆ ಔಷಧಿ ಹಾಕಿಸಿ ನಿಮಗಾಗಿ ಆರು ದಿನ ಮನೆಯಲ್ಲೇ ಇಟ್ಟುಕೊಂಡು ಕಾದೆವು. ರಜೆ ಸಿಗಲಿಲ್ಲ ಎಂದಿರಿ, ಒಪ್ಪಿದೆ. ಮಣ್ಣಿನ ದಿನ ಜೆನೆವಿ ಫೋನನ್ನು ಎತ್ತಿ ಹಿಡಿದಿದ್ದಳು, ಹದಿಮೂರು ವರ್ಷದ ಹುಡುಗಿ. ಗಾರೆಯವನು ಕೊನೆಯ ಇಟ್ಟಿಗೆ ಇಡುವಾಗ ನಿಮ್ಮ ಮುಖ ಮಾಯವಾಯಿತು. ನೆಟ್‌ವರ್ಕ್ ಹೋಯಿತು ಎಂದಿರಿ. ಹೋಗಿರಲಿಲ್ಲವಂತೆ. ನೀವೇ ಫೋನನ್ನು ಜೇಬಿಗೆ ಹಾಕಿಕೊಂಡು ಕೊಟ್ಟಿಗೆಗೆ ಹೋಗಿ ಹಸುಗಳ ನಡುವೆ ನಿಂತುಬಿಟ್ಟಿರೆಂದು ಮಿರ್ನಾಳ ಗಂಡ ಅವಳಿಗೆ ಹೇಳಿದ್ದನಂತೆ. ಬೈಯಲು ಬರೆಯುತ್ತಿಲ್ಲ. ನೋಡಲಾಗದ್ದನ್ನು ನೋಡಲಿಲ್ಲ, ಅಷ್ಟೆ. ಲೋಕಕ್ಕೆಲ್ಲ ಆ ರೋಗ ಬಂದು ಎರಡು ವರ್ಷ ದೇಶಗಳ ಬಾಗಿಲು ಮುಚ್ಚಿದ್ದು ನಿಜ. ಉಳಿದ ಮೂರು ವರ್ಷ ಬಾಗಿಲು ತೆರೆದೇ ಇತ್ತು. ನೀವು ಬರಲಿಲ್ಲ, ನಾನೂ ಬನ್ನಿ ಎನ್ನಲಿಲ್ಲ. ಅದು ನನ್ನ ತಪ್ಪು.

ಡೆಲ್ಫಾ ಅತ್ತಿಗೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಹಲ್ಲು ಕೀಳಿಸುವುದನ್ನು ಮುಂದೂಡಬೇಡವೆಂದೂ ಹೇಳಿದ್ದಾರೆ. ಜೆನೆವಿ ಆಶೀರ್ವಾದ ಬೇಡಿ ನಿಮ್ಮ ಕೈಗೆ ಹಣೆ ಮುಟ್ಟಿಸಿದ್ದಾಳೆಂದು ತಿಳಿಯಿರಿ. ಮಿರ್ನಾಳ ಗಂಡನಿಗೆ ನನ್ನ ನಮಸ್ಕಾರ. ಮಾತೆ ಮರಿಯಳು ನಿಮ್ಮ ಸೊಂಟವನ್ನೂ ನಿಮ್ಮ ಎದೆಯನ್ನೂ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಪ್ಪತ್ತೆರಡು ವರ್ಷದಿಂದ ನಿಮ್ಮವಳಾದ,
ಪುರಿಂಗ್

ಬಿಟ್ಟುಹೋದ ಮಾತು: ಮಿರ್ನಾಳ ಗಾಡಿ ಬಾಗಿಲಿಗೆ ಬಂದಿದೆ, ಲಕೋಟೆ ಅಂಟಿಸುವ ಮೊದಲು ಬೇಗ ಬರೆಯುತ್ತಿದ್ದೇನೆ. ಮೇಲಿನದನ್ನು ಓದಿ ಪುರಿಂಗ್ ಒಪ್ಪಿದಳು ಎಂದುಕೊಳ್ಳಬೇಡಿ. ಶುಕ್ರವಾರ ಪೇಟೆಗೆ ಹೋಗಿ ನನ್ನ ಟಿಕೆಟಿನ ದಿನ ರದ್ದು ಮಾಡಿಸಿದೆ. ಜೆನೆವಿಯದು ಹಾಗೇ ಇದೆ, ಹನ್ನೆರಡಕ್ಕೆ ಅವಳು ಹೊರಡುತ್ತಾಳೆ. ನನ್ನದಕ್ಕೆ ಇನ್ನೂ ದಿನ ಬರೆಸಿಲ್ಲ. ಹತ್ತೊಂಬತ್ತರ ಬೆಳಿಗ್ಗೆ ಏಳಕ್ಕೆ ಕಾವಲಿನ ಇಸ್ಕೋ ಅಜ್ಜ ಗೂಡು ಒಡೆಯುತ್ತಾನೆ. “ಹುಡುಗನ ಅಪ್ಪ ಬರ್ತಾನೇನಮ್ಮ?” ಎಂದು ಕೇಳಿದ. ಬರುತ್ತಾರೆ ಎಂದೆ. ಅತ್ತಿಗೆಗೂ ಕೈಯೊಡ್ಡಬೇಡಿ ಎಂದು ಹೇಳಿದ್ದೇನೆ. ಒಂದು ವಾರದ ರಜೆ ಕೇಳಿ ಬನ್ನಿ, ಏನನ್ನೂ ತರಬೇಡಿ. ನೀವು ತೆಗೆದುಕೊಂಡು ನಾನು ಸುತ್ತಿ ಅಜ್ಜನ ಪಕ್ಕ ಮಲಗಿಸಿದ ಮೇಲೆ ನೀವು ಯಾವ ದೇಶಕ್ಕೆ ಕರೆದರೂ ಬರುತ್ತೇನೆ, ಹಿಂದಿರುಗಿ ನೋಡುವುದಿಲ್ಲ. ನೀವು ಬರದಿದ್ದರೆ ಅವನು ನನ್ನ ಕೈಗೇ ಬರುತ್ತಾನೆ, ಆಮೇಲೆ ನಾನು ಎಲ್ಲಿಗೂ ಬರುವವಳಲ್ಲ. ಹೆದರಬೇಡಿ ಎಲಿಸಿಯೋ. ಇಸ್ಕೋ ಅಜ್ಜ ಹೇಳಿದ, ಹನ್ನೊಂದು ವರ್ಷದವನು, ಈಗ ತುಂಬ ಹಗುರವಾಗಿರುತ್ತಾನಂತೆ.