ಠಾಣೆಯ ದೇವರಾದ ನನ್ನ ಪಿಸ್ತೂಲು

ಮಾನ್ಯ ಇನ್ಸ್‌ಪೆಕ್ಟರ್ ಸಾಹೇಬರೇ,

ನನ್ನ ಪಿಸ್ತೂಲು ವಾಪಸ್ ಕೊಡಿ. ಚುನಾವಣೆ ಮುಗಿಯಿತು, ಗೆದ್ದವರು ದೆಹಲಿಗೆ ಹೋದರು, ಸೋತವರೂ ಸುಧಾರಿಸಿಕೊಂಡರು. ನನ್ನ ಪಿಸ್ತೂಲು ಮಾತ್ರ ನಿಮ್ಮ ಠಾಣೆಯಲ್ಲಿ ಮಲ್ಲಿಗೆ ಹಾರ ಹಾಕಿಸಿಕೊಂಡು ಕೂತಿದೆ. ಪತ್ರ ಕನ್ನಡದಲ್ಲಿದೆ, ನಮಗೆ ತೆಲುಗು ಮಾತ್ರ ಬರುತ್ತದೆ ಎಂದು ನೆವ ಹೇಳಬೇಡಿ. ನಿಮ್ಮ ಹೆಡ್ ಕಾನ್ಸ್‌ಟೇಬಲ್ ಪ್ರಹ್ಲಾದ ಕನ್ನಡದ ಗಡಿಗಂಟಿದ ನಾರಾಯಣಖೇಡದವರು, ನನಗಿಂತ ಚೆನ್ನಾಗಿ ಕನ್ನಡ ಓದುತ್ತಾರೆ.

ಇದು ಬಹಿರಂಗ ಪತ್ರ, ಓದುಗರಿಗೂ ವಿಷಯ ತಿಳಿಯಲಿ. ನಾನು ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಿಂದ ನಿವೃತ್ತನಾದವನು. ಹಳೆಯ ಪಿಸ್ತೂಲುಗಳ ಹುಚ್ಚು ನನಗೆ. ಗುರುವಾರ ಬಂದರೆ ಜುಮೇರಾತ್ ಬಜಾರಿನ ಹಳೆ ಸಾಮಾನಿನ ಸಂತೆಯಲ್ಲಿ ಅಲೆದು ಮದ್ದು ತುಂಬಿಡುವ ಕೊಂಬು, ಹರಿದ ಚರ್ಮದ ಚೀಲ, ತುಕ್ಕು ಹಿಡಿದ ನಳಿಕೆ ಎಂದು ಏನೇನೋ ಮನೆಗೆ ತಂದಿದ್ದೇನೆ. ಅವುಗಳಲ್ಲೆಲ್ಲ ರಾಜ ಎಂದರೆ ಈ ಪಿಸ್ತೂಲು. ಚಕಮಕಿ ಕಲ್ಲಿನದು, ಹಿಡಿಯ ಮೇಲೆ ಹಿತ್ತಾಳೆಯ ಕಮಲ. ಯಾರೋ ಯಾವ ಕಾಲದಲ್ಲೋ ನಳಿಕೆಗೆ ಸೀಸ ಹೊಯ್ದು ಮುಚ್ಚಿದ್ದಾರೆ. ಆದರೂ ಅದನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಮದುವೆಯ ದಿನಕ್ಕಿಂತ ಜೋರಾಗಿ ನನ್ನ ಎದೆ ಹೊಡೆದುಕೊಂಡಿತು. ಇದನ್ನು ಹೆಂಡತಿ ಸೂಗಮ್ಮನಿಗೆ ಹೇಳಿ ಅನುಭವಿಸಿದ್ದೇನೆ.

ಆಯುಧ ಇದ್ದವರೆಲ್ಲ ಠಾಣೆಗೆ ತಂದೊಪ್ಪಿಸಿ ಎಂದು ಚುನಾವಣೆಗೆ ಮುಂಚೆ ಪ್ರಕಟಣೆ ಬಂದಾಗ ನನಗಾದ ಖುಷಿಯನ್ನು ಹೇಗೆ ಹೇಳಲಿ? ಜೀವನದಲ್ಲಿ ಮೊದಲ ಬಾರಿಗೆ ಸರ್ಕಾರ ನನಗೆ ಹೆದರಿತ್ತು! ಇಸ್ತ್ರಿ ಅಂಗಿ ಹಾಕಿಕೊಂಡು, ಪಿಸ್ತೂಲನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಆಟೋ ಹತ್ತಿ ಬಂದೆ. ಕೆಟ್ಟುಹೋದ ಇಂಥ ಪುರಾತನ ವಸ್ತುವಿಗೆ ಈ ನಿಯಮ ಅನ್ವಯಿಸುವುದಿಲ್ಲ, ಮನೆಗೆ ಒಯ್ಯಿರಿ ಎಂದು ನೀವು ನಕ್ಕಿರಿ. ನಾನೇ ಹಟ ಹಿಡಿದು ಒಪ್ಪಿಸಿ ಹೋದೆ. ಮೂರ್ಖತನ, ಒಪ್ಪುತ್ತೇನೆ. ಆದರೆ ಮೂರ್ಖನ ಸೊತ್ತನ್ನು ಇಟ್ಟುಕೊಳ್ಳಬಹುದು ಎಂದು ಯಾವ ಕಾನೂನಿನಲ್ಲಿದೆ?

ಫಲಿತಾಂಶದ ಮರುದಿನವೇ ಬಂದು ನೋಡಿದರೆ ಅದು ದೇವರ ಫೋಟೋಗಳ ನಡುವೆ ವಿರಾಜಮಾನವಾಗಿತ್ತು! ಹಣೆ ಎಲ್ಲಿದೆಯೆಂದು ತಿಳಿಯದೆ ಎಲ್ಲ ಕಡೆ ಕುಂಕುಮ ಹಚ್ಚಿದ್ದರು. ಯಾರೋ ಪುಣ್ಯಾತ್ಮರು ಹುಣಸೆಹಣ್ಣು ಹಾಕಿ ತಿಕ್ಕಿ ಹಿತ್ತಾಳೆಯನ್ನು ಫಳಫಳ ಹೊಳೆಸಿದ್ದರು. ಸಾಹೇಬರೇ, ಹಳೆಯದನ್ನು ಕೂಡಿಡುವವನಿಗೆ ಕಾಲ ಹಿಡಿಸಿದ ಆ ಕಪ್ಪೇ ಬಂಗಾರ!

"ಅಣ್ಣಾರ, ಅದು ಬಂದಾಗಿಂದ ನಮ್ಮ ಏರಿಯಾದಾಗ ಒಂದೂ ಬೈಕ್ ಕಳುವಾಗಿಲ್ಲರಿ," ಎಂದರು ಪ್ರಹ್ಲಾದ.

"ಅದಕ್ಕ ನಾ ಏನ್ ಮಾಡ್ಲಿರಿ? ನಂದು ನನಗ ಕೊಡ್ರಿ."

"ಭಾಳ ಶುಭ ಐತಿ ಅಂತ ಸಾಹೇಬ್ರು ಮುಟ್ಟಾಕ ಬಿಡವಲ್ರು. ಇನ್ನೊಂದ್ ತಿಂಗಳು ಇರಲಿ ಬಿಡ್ರಿ."

ನಾಲ್ಕು ತಿಂಗಳಾದರೂ ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ. ಗುಂಡು ಹಾರದ ಪಿಸ್ತೂಲಿಗೇ ಬೈಕ್ ಕಳ್ಳರು ಹೆದರುವುದಾದರೆ ನಿಮಗೆಲ್ಲ ಸಂಬಳ ಯಾಕೆ? ನಾಳೆ ಸಿಕಂದರಾಬಾದ್ ಠಾಣೆಯವರು ಬಂದು ಮದ್ದಿನ ಕೊಂಬು ಕೇಳಿದರೆ ಅದನ್ನೂ ಕೊಡಬೇಕೆ? ನನ್ನ ಸಂಗ್ರಹವೇನು ಗೃಹ ಇಲಾಖೆಯೇ?

ಈಗ ನಿಜವಾದ ಸಂಕಟ ಹೇಳುತ್ತೇನೆ. ಮಹಾನವಮಿಗೆ ನಮ್ಮ ಮನೆಯಲ್ಲಿ ಖಂಡೆಪೂಜೆ. ಅವರವರ ಕೆಲಸದ ಸಾಮಾನನ್ನು ದೇವರ ಮುಂದೆ ಇಡಬೇಕು. ಸೂಗಮ್ಮನದು ಹೊಲಿಗೆ ಯಂತ್ರ, ಸೊಸೆ ರಶ್ಮಿಯದು ಲ್ಯಾಪ್‌ಟಾಪ್. ನಾನು ನಿವೃತ್ತನಾದ ವರ್ಷ ನನ್ನದೆಂದು ಇಡಲು ಏನೂ ಇರಲಿಲ್ಲ. ಸೂಗಮ್ಮ ಟಿವಿ ರಿಮೋಟಿಗೆ ಕುಂಕುಮ ಹಚ್ಚಿಟ್ಟಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಂದು ಎಲೆಯ ಮೇಲಿನ ಹೋಳಿಗೆಯನ್ನು ಹಾಗೇ ಬಿಟ್ಟೆದ್ದೆ. ಮರುವರ್ಷ ಪಿಸ್ತೂಲು ಇಟ್ಟೆ. "ಈಗ ನೋಡ್ರಿ, ಮನಿ ಯಜಮಾನ್ರದು ಬಂತು," ಎಂದಳು. ಸಾಹೇಬರೇ, ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬರುವ ವಾರ ಮಹಾನವಮಿ. ಅದರ ಹಿಂದಿನ ಸಂಜೆಯೊಳಗೆ ಪಿಸ್ತೂಲು ನನ್ನ ಕೈ ಸೇರಬೇಕು. ಇಲ್ಲವಾದರೆ ನಾವು ಕುಟುಂಬಸಮೇತ ನಿಮ್ಮ ಠಾಣೆಗೇ ಬಂದು ಪೂಜೆ ಮಾಡುತ್ತೇವೆ. ಹೊಲಿಗೆ ಯಂತ್ರ ಇಳಿಸಲು ಗಟ್ಟಿಮುಟ್ಟಾದ ಇಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ. "ಪೊಲೀಸ್ರು ಎಷ್ಟ್ ಮಂದಿ ಅದಾರ ಕೇಳ್ರಿ, ಹೋಳಿಗಿಗೆ ಅಷ್ಟು ಬ್ಯಾಳಿ ಬೇಯಿಸ್ತೀನಿ," ಎಂದು ಸೂಗಮ್ಮ ಈಗಾಗಲೇ ಗಡಿಬಿಡಿ ಮಾಡುತ್ತಿದ್ದಾಳೆ. ಎಷ್ಟು ಮಂದಿ ಎಂದು ದಯವಿಟ್ಟು ತಿಳಿಸಿ. ಆರತಿ ಹಿಡಿದು ಒಂದೊಂದು ಸಾಮಾನಿನ ಮುಂದೆಯೂ ಅವಳು "ಇದು ಯಾರದು?" ಎಂದು ಕೇಳುತ್ತಾಳೆ, ಅದು ನಮ್ಮ ಮನೆಯ ರೂಢಿ. ಪಿಸ್ತೂಲಿನ ಮುಂದೆ ಬಂದು ಕೇಳಿದಾಗ ನೀವು ದಯಮಾಡಿ ಸುಮ್ಮನಿರಿ. ಉತ್ತರ ನಾನು ಹೇಳುತ್ತೇನೆ.

ಇಂತಿ,
ಸ್ವಂತ ಕೈಯಿಂದ ಒಯ್ದು ಕೊಟ್ಟು ನಿರಾಯುಧನಾದ,
ಅಮರೇಶಪ್ಪ, ಲಿಂಗಂಪಲ್ಲಿ