ಬುಲೆಟ್ ಎತ್ತುವವರು ಬೇಕಾಗಿಲ್ಲ

ಶೆಟ್ಟಿಹಳ್ಳಿ
14 ನವೆಂಬರ್ 2024

ರೀ,

ನಿಮ್ಮ ಕಾಗದ ತಲುಪಿತು. ಆ ವ್ಯಸನಮುಕ್ತಿ ಕೇಂದ್ರದವರು ಫೋನ್ ಕೊಡದಿದ್ದರೂ ಪೆನ್ನು ಕೊಟ್ಟಿದ್ದಾರಲ್ಲ, ಪುಣ್ಯ. ಒಂದೂವರೆ ಪುಟ ಬುಲೆಟ್ ವಿಷಯ. ಕೊನೆಗೆ ನನಗೆ ಒಂದು ಸಾಲು, ಸರಿಯಾಗಿ ಊಟ ಮಾಡು ಅಂತ. ತಾಳಿ ಕಟ್ಟಿದ್ದು ಯಾರಿಗೆ ಅಂತ ಒಮ್ಮೆ ಯೋಚನೆ ಮಾಡಿ. ಇರಲಿ, ನೀವು ಹೇಳಿದ ಕೆಲಸ ಆಗಿದೆ. ಸೈಡ್ ಸ್ಟ್ಯಾಂಡಿನಲ್ಲೇ ನಿಂತು ನಿಂತು ಹಿಂದಿನ ಟೈರ್ ಗಾಳಿ ಇಳಿದು ಚಪ್ಪಟೆಯಾಗಿ ಕೂತಿತ್ತು. ಈಗ ಗಾಡಿ ಮೇನ್ ಸ್ಟ್ಯಾಂಡ್ ಮೇಲೆ ನಿಂತಿದೆ, ಆ ಚಕ್ರ ನೆಲಕ್ಕೆ ತಾಗುತ್ತಿಲ್ಲ.

ನಿಮ್ಮ ಗೆಳೆಯ ಬಾಲರಾಜ್‌ಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಇಡೀ ದಂಡು ಬಂದು ಕಣ್ಣು ಮಿಟುಕಿಸುವುದರಲ್ಲಿ ಎತ್ತಿ ನಿಲ್ಲಿಸುತ್ತಿತ್ತು. ಆಮೇಲೆ? ಪೋರ್ಟಿಕೋದಲ್ಲಿ ಕೂರುತ್ತಾರೆ, ನೀರು ಕೇಳುತ್ತಾರೆ, ಲೋಟ ಕೇಳುತ್ತಾರೆ. ಮುಂದಿನ ವಾರ ನೀವು ಮನೆಗೆ ಬಂದಾಗ ಅದೇ ಸಲಿಗೆಯಲ್ಲಿ ಮತ್ತೆ ಬರುತ್ತಾರೆ. ಇನ್ನೊಂದು ಸಲ ಅದನ್ನೆಲ್ಲ ತಡೆಯುವ ಶಕ್ತಿ ನನಗಿಲ್ಲ. ಅದಕ್ಕೇ ಅವರನ್ನು ಗೇಟಿನೊಳಗೆ ಬಿಡದೆ ಎತ್ತುವ ದಾರಿ ಹುಡುಕಿದೆ.

ಮೊದಲು ಪೋರ್ಟಿಕೋ ಸೂರಿನ ಉಯ್ಯಾಲೆ ಕೊಕ್ಕೆಗೆ ಹಗ್ಗ ಕಟ್ಟಿ ಎಳೆಯೋಣ ಅಂದುಕೊಂಡೆ. ಮೂಲೆ ಗ್ಯಾರೇಜಿನ ಸಾಕಿಬ್‌ಗೆ ಫೋನ್ ಮಾಡಿ ಕೇಳಿದರೆ, ಕೊಕ್ಕೆ ಕಿತ್ತು ತಲೆ ಮೇಲೆ ಬೀಳುತ್ತೆ ಅಕ್ಕ ಅಂತ ನಕ್ಕ. ತಾನೇ ಬರುತ್ತೇನೆ ಅಂದ. ಬೇಡ ಅಂದೆ. ಬಾಲರಾಜ್ ದಿನವಿಡೀ ಕೂರುವುದೇ ಅವನ ಗ್ಯಾರೇಜಿನಲ್ಲಿ ತಾನೇ. ಕೊನೆಗೆ ಕಾರಿನ ಜಾಕನ್ನು ಎಂಜಿನ್ ಕೆಳಗಿಟ್ಟು ತಿರುಗಿಸಿದೆ. ನಾಲ್ಕು ಬೆರಳು ಎದ್ದಿತು, ಜಾರಿ ಬಿತ್ತು. ಟ್ಯಾಂಕಿಗೆ ಸ್ವಲ್ಪ ನೆಗ್ಗು. ಬೇರೇನೂ ಆಗಲಿಲ್ಲ.

ಅತ್ತೆ ದೇವಸ್ಥಾನದಿಂದ ಬಂದು ನೋಡಿ ಹಣೆ ಚಚ್ಚಿಕೊಂಡರು. ನಿಮ್ಮಮ್ಮ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಿದ ಕೈಯವರು, ಮರೆತಿದ್ದೆ ನೋಡಿ. ಮಾರನೆಯ ದಿನ ಇಬ್ಬರೂ ಸೀಟಿಗೆ ಬೆನ್ನು ಕೊಟ್ಟು ತಳ್ಳಿ ಗಾಡಿಯನ್ನು ನೆಟ್ಟಗೆ ಮಾಡಿದೆವು. ಮತ್ತೆ ಜಾಕ್ ತರಲು ಹೊರಟವಳನ್ನು ಅವರು ತಡೆದರು. "ಎತ್ತಾಕ್ ಓಗ್ಬ್ಯಾಡ ಕಣಮ್ಮ. ಅಲಗೆ ಮ್ಯಾಕೆ ಅತ್ತಿಸು," ಅಂದರು. ಹಳೆಯ ಬಾಗಿಲಿನ ಹಲಗೆಯೊಂದನ್ನು ಹಾಕಿ, ಹಿಂದಿನ ಚಕ್ರವನ್ನು ಮೆಲ್ಲಗೆ ಅದರ ಮೇಲೆ ಹತ್ತಿಸಿದೆವು. ಆಚೆ ಕಡೆಗೆ ವಾಲಿದರೆ ತಡೆಯಲು ಗೋಡೆ ಇತ್ತು. ಸ್ಟ್ಯಾಂಡಿನ ಎರಡು ಕಾಲೂ ನೆಲಕ್ಕೆ ಊರಿದ ಮೇಲೆ ಮೈಭಾರವನ್ನೆಲ್ಲ ಬಿಟ್ಟು ತುಳಿದೆ. ಅತ್ತೆ ಹಿಂದಿನಿಂದ ಎಳೆದರು. ಇಷ್ಟೇನಾ ಅನ್ನಿಸುವಷ್ಟು ಸುಲಭವಾಗಿ ಎದ್ದು ಕೂತಿತು.

ಖುಷಿಯಾಗಿ ನಿಮಗೆ ಹೇಳೋಣ ಅಂತ ಒಳಗೆ ತಿರುಗಿದೆ ಕಣ್ರೀ. ಆಮೇಲೆ ನೆನಪಾಯಿತು. ಅತ್ತೆ ಸಂಜೆಗೇ ಕೋಣೆ ಸೇರಿಬಿಡುತ್ತಾರೆ. ಮೊದಲೆಲ್ಲ ಆ ಹೊತ್ತಿಗೆ ಬುಲೆಟ್ ಸದ್ದು ಕೇಳಿದರೆ ನೀವು ಯಾವ ಸ್ಥಿತಿಯಲ್ಲಿ ಬಂದಿರೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಆ ಭಯ ಇಲ್ಲ, ನೆಮ್ಮದಿಯೂ ಇಲ್ಲ. ಟೀವಿ ಜೋರಾಗಿ ಹಾಕಿಕೊಂಡು ಕೂರುತ್ತೇನೆ, ಏನು ಬರುತ್ತಿದೆ ಅಂತಲೂ ಗೊತ್ತಿರುವುದಿಲ್ಲ. ಮನೆಯಲ್ಲಿ ಜನ ಇದ್ದೂ ಒಂಟಿಯಾಗಿದ್ದೇನೆ. ನೀವಿಲ್ಲದೆ ಆಗುತ್ತಿಲ್ಲ ನನಗೆ.

ಸಿಟ್ಟು ಇನ್ನೂ ಪೂರ್ತಿ ಇಳಿಯದ ನಿಮ್ಮ
ರಮ್ಯ

ತಾ.ಕ.: ಬೇರೇನೂ ಆಗಲಿಲ್ಲ ಅಂತ ಬರೆದದ್ದು ಸುಳ್ಳು. ಗಾಡಿ ಬಿದ್ದದ್ದು ನನ್ನ ಕಾಲಿನ ಮೇಲೆ. ಸದ್ದು ಕೇಳಿ ಬಾಲರಾಜ್ ಮುಚ್ಚಿದ ಗೇಟಿನ ಆಚೆ ನಿಂತು, "ಏನ್ ಬಿತ್ತು ಅತ್ತಿಗೆ? ಒಳಗೆ ಬರ್ಲಾ?" ಅಂದ. ಪಾತ್ರೆ ಬಿತ್ತು, ಏನೂ ಬೇಡ ಹೋಗಿ ಅಂದೆ. ಅತ್ತೆ ಬಂದು ಹಾರೆಯಲ್ಲಿ ಮೀಟಿ ಬಿಡಿಸುವ ತನಕ ಬಾಯಿಗೆ ವೇಲ್ ತುರುಕಿಕೊಂಡು ಅದರ ಕೆಳಗೇ ಬಿದ್ದಿದ್ದೆ. ಮೂಳೆ ಮುರಿದಿಲ್ಲ, ಊತ ಇಳಿಯುತ್ತಿದೆ. ಸ್ಟ್ಯಾಂಡ್ ತುಳಿದದ್ದು ಇನ್ನೊಂದು ಕಾಲಿನಲ್ಲಿ. ನೀವು ಬಂದ ದಿನವೇ ಅವನು ಮತ್ತೆ ಗೇಟಿಗೆ ಬರುತ್ತಾನೆ. ಆವತ್ತು ಬೇಡ ಹೋಗು ಅನ್ನಬೇಕಾದವರು ನೀವು.